ಮೂರು ಸಲ ಗೆಲ್ಲಬೇಕಿದ್ದ ಪದಕ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಹೊತ್ತು ಸಾಲದೆ ಅಂದು ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಏಳು ರೂಪಾಯಿಯಿಂದ ಶುರು ಮಾಡುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಸಿಪಾಯಿಯ ತಿಂಗಳ ಸಂಬಳ ಅದು. ಅಕ್ಕಿ ಬೇಳೆ ಉಪ್ಪು ಎಲ್ಲ ಅದರಲ್ಲೇ ಆಗಬೇಕು, ಊರಿಗೂ ಅದರಲ್ಲೇ ಕಳಿಸಬೇಕು. 1837ರ ಮೇ ಒಂದನೇ ತಾರೀಕು ಕಂಪನಿ ಸರ್ಕಾರ ಒಂದು ಆದೇಶ ಹೊರಡಿಸಿತು. ಆಗ ಗವರ್ನರ್ ಜನರಲ್ ಆಗಿದ್ದವನು ಲಾರ್ಡ್ ಆಕ್ಲೆಂಡ್. ಯುದ್ಧಭೂಮಿಯಲ್ಲಿ, ಅಥವಾ ಕೋಟೆಗೆ ಲಗ್ಗೆ ಹಾಕುವಾಗ, ಇಲ್ಲವೇ ಕೋಟೆ ಕಾಯುವಾಗ, ಎಲ್ಲರ ಕಣ್ಣಿಗೂ ಬೀಳುವಂಥ ಧೈರ್ಯ ತೋರಿದ ದೇಶೀ ಸೈನಿಕನಿಗೆ ಒಂದು ಪದಕ, ಪದಕದ ಜೊತೆಗೆ ಸಂಬಳದ ಮೂರನೇ ಒಂದು ಪಾಲು ಹೆಚ್ಚುವರಿ. ಏಳು ರೂಪಾಯಿಯವನಿಗೆ ಲೆಕ್ಕ ಹಾಕಿದರೆ ಎರಡು ರೂಪಾಯಿ ಐದಾಣೆ ನಾಲ್ಕು ಕಾಸು ಬರುತ್ತದೆ. ಪದಕದ ಹೆಸರು ‘ಆರ್ಡರ್ ಆಫ್ ಮೆರಿಟ್’. ಮುಂದೆ 1902ರಲ್ಲಿ ಏಳನೇ ಎಡ್ವರ್ಡ್ ದೊರೆ ಇಂಗ್ಲೆಂಡಿನಲ್ಲಿ ಅದೇ ಹೆಸರಿನ ಬೇರೊಂದು ಗೌರವ ಶುರು ಮಾಡಿದಾಗ ಗೊಂದಲ ಬೇಡವೆಂದು ಇದನ್ನು ‘ಇಂಡಿಯನ್ ಆರ್ಡರ್ ಆಫ್ ಮೆರಿಟ್’ ಎಂದು ಕರೆದರು. 1947ರಲ್ಲಿ ಅದು ನಿಂತುಹೋಯಿತು. ನೂರಹತ್ತು ವರ್ಷ ನಡೆದು ನಿಂತ ಆ ಪದಕವೇ ಇವತ್ತಿನ ವಿಷಯ.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ವಿಕ್ಟೋರಿಯಾ ಕ್ರಾಸ್ ಹೆಸರು ಎಲ್ಲರೂ ಕೇಳಿದ್ದೀರಿ. ಅದು ಹುಟ್ಟಿದ್ದು 1856ರಲ್ಲಿ. ಅಂದರೆ ಬ್ರಿಟಿಷ್ ಸೈನಿಕನಿಗೆ ಅಂಥದೊಂದು ಪದಕ ಸಿಗುವುದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ನಮ್ಮ ಸಿಪಾಯಿಗೆ ಶೌರ್ಯ ಪದಕವಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ಹೆಮ್ಮೆಯಾಯಿತು. ಆಮೇಲೆ ನಿಯಮಾವಳಿ ಓದಿದೆ. ಹೆಮ್ಮೆ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಭಾವ ಬಂದು ಕೂತಿತು.

ನಿಯಮಕ್ಕೆ ಹೋಗುವ ಮುನ್ನ ನಮ್ಮ ಶ್ರೀರಂಗಪಟ್ಟಣಕ್ಕೆ ಒಂದು ಸುತ್ತು ಹೋಗಿಬರೋಣ. 1837ಕ್ಕೆ ಮೊದಲು ಕಂಪನಿ ಪದಕ ಹಂಚುತ್ತಲೇ ಇರಲಿಲ್ಲ ಎಂದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಆ ಗೆಲುವಿಗೊಂದು ಪದಕ ಅಚ್ಚಾಯಿತು. ಅದರ ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಯಾರೆಂದು ಮೈಸೂರು ಸೀಮೆಯವರಿಗೆ ಹೇಳಬೇಕಿಲ್ಲ. ಇನ್ನೊಂದು ಮುಖದಲ್ಲಿ ಕೋಟೆಯ ಮೇಲಿನ ಲಗ್ಗೆ. ಪದಕ ಐದು ಬಗೆಯದು: ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ. ಯಾರಿಗೆ ಯಾವುದು ಎಂಬುದನ್ನು ತೀರ್ಮಾನಿಸಿದ್ದು ಧೈರ್ಯವಲ್ಲ, ಹುದ್ದೆ. ಚಿನ್ನ ದೊಡ್ಡ ದಳಪತಿಗಳಿಗೆ, ತವರ ಸಾಮಾನ್ಯ ಸಿಪಾಯಿಗೆ. ಗೋಡೆ ಹತ್ತಿದವನಿಗೆ ತವರ, ಡೇರೆಯಲ್ಲಿ ಕೂತು ನಕ್ಷೆ ನೋಡಿದವನಿಗೆ ಚಿನ್ನ. ಆ ಐದು ಲೋಹಗಳನ್ನು ನೆನಪಿನಲ್ಲಿಡಿ. 1837ರ ಆದೇಶದಲ್ಲಿದ್ದ ‘ಹುದ್ದೆ, ಅಂತಸ್ತುಗಳ ಭೇದವಿಲ್ಲದೆ’ ಎಂಬ ಮಾತಿನ ತೂಕ ಆಗಲೇ ತಿಳಿಯುವುದು. ಜಮಾದಾರನಾದರೂ ಅಷ್ಟೇ, ನಿನ್ನೆ ಸೇರಿದ ಸಿಪಾಯಿಯಾದರೂ ಅಷ್ಟೇ. ಮಾಡಿದ್ದೇನು ಎಂಬುದೊಂದೇ ಲೆಕ್ಕ.

ಹಾಗೆ ನೋಡಿದರೆ ನಮ್ಮ ನೆಲಕ್ಕೆ ಇದು ಹೊಸದೇನಲ್ಲ. ಊರಾಚೆಯ ಹೊಲದ ಬದುವಿನಲ್ಲಿ ವಾಲಿಕೊಂಡು ನಿಂತಿರುವ ವೀರಗಲ್ಲುಗಳನ್ನು ನೋಡಿದ್ದೀರಿ. ತುರು ಮರಳಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದಿ ಸತ್ತವನು, ಎಲ್ಲರಿಗೂ ಕಲ್ಲು. ಬೇಗೂರಿನ ಕಲ್ಲು ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ಹೆಸರು ಹೇಳುತ್ತದೆ, ನಮ್ಮ ಊರಿನ ಹೆಸರು ನಮಗೆ ಸಿಗುವ ಅತಿ ಹಳೆಯ ಬರಹವೂ ಅದೇ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಹರಿದ ನೆತ್ತರಿಗೆ ಕೊಟ್ಟ ಕೊಡುಗೆ. ಆ ಒಂದು ಶಬ್ದ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು ಎಂದರೂ ತಪ್ಪಿಲ್ಲ. ಕಂಪನಿಯ ಆದೇಶದಲ್ಲೂ ಅಂಥದೊಂದು ಅಂಶವಿತ್ತು: ಪದಕ ಪಡೆದವನು ಸತ್ತರೆ ಅವನ ಹೆಂಡತಿಗೆ ಆ ಹೆಚ್ಚುವರಿ ಹಣ ಮೂರು ವರ್ಷ ಸಿಗುತ್ತಿತ್ತು. ನೆತ್ತರುಗೊಡಗೆ ಮಕ್ಕಳು ಮೊಮ್ಮಕ್ಕಳವರೆಗೆ ನಡೆಯುತ್ತಿತ್ತು. ಇದು ಮೂರು ವರ್ಷ.

ಈಗ ನಿಯಮ. ಪದಕದಲ್ಲಿ ಮೂರು ದರ್ಜೆ. ಎಂಟು ಮೂಲೆಯ ನಕ್ಷತ್ರ, ನಡುವೆ ನೀಲಿ ಎನಾಮೆಲ್ಲಿನ ವೃತ್ತ, ಅದರೊಳಗೆ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಕತ್ತಿ, ಸುತ್ತ ‘ಶೌರ್ಯಕ್ಕೆ ಬಹುಮಾನ’ ಎಂಬರ್ಥದ ಇಂಗ್ಲಿಷ್ ಬರಹ. ಕಡು ನೀಲಿ ರಿಬ್ಬನ್, ಎರಡು ಅಂಚಿಗೂ ಕೆಂಪು. ಮೂರನೇ ದರ್ಜೆಯದು ಪೂರಾ ಬೆಳ್ಳಿ, ಎರಡನೆಯದು ಬೆಳ್ಳಿ ನಕ್ಷತ್ರ, ನಡುವೆ ಚಿನ್ನ, ಒಂದನೆಯದು ಚಿನ್ನ. ಹಣವೂ ಹಾಗೇ ಏರುತ್ತಿತ್ತು: ಮೂರನೇ ದರ್ಜೆಗೆ ಸಂಬಳದ ಮೂರನೇ ಒಂದು ಪಾಲು, ಎರಡನೆಯದಕ್ಕೆ ಮೂರನೇ ಎರಡು ಪಾಲು, ಒಂದನೆಯದಕ್ಕೆ ಸಂಬಳದಷ್ಟೇ ಇನ್ನೊಂದು ಸಂಬಳ.

ಸಾಹಸ ದೊಡ್ಡದಾದರೆ ನೇರ ಚಿನ್ನವೇ ಸಿಗುತ್ತಿತ್ತು ಎಂದುಕೊಂಡಿರಾ? ಇಲ್ಲ. ಮೊದಲ ಸಾಹಸಕ್ಕೆ ಮೂರನೇ ದರ್ಜೆ ಮಾತ್ರ. ಅದನ್ನು ಎದೆಗೆ ಸಿಕ್ಕಿಸಿಕೊಂಡವನು ಇನ್ನೊಂದು ಯುದ್ಧದಲ್ಲಿ ಮತ್ತೆ ಅಂಥದೇ ಧೈರ್ಯ ತೋರಿದರೆ ಎರಡನೆಯದು. ಆ ಎರಡೂ ಇದ್ದವನು ಮೂರನೇ ಸಲ ಸಾವಿನ ಬಾಯಿಗೆ ಹೋಗಿ ಬಂದರೆ ಮೊದಲನೆಯದು. ಶಾಲೆಯಲ್ಲಿ ತರಗತಿ ಪಾಸು ಮಾಡಿದಂತೆ ಮೆಟ್ಟಿಲು ಮೆಟ್ಟಿಲು ಹತ್ತಬೇಕು. ಒಬ್ಬ ಮನುಷ್ಯನ ಬದುಕಿನಲ್ಲಿ ಅಂಥ ಗಳಿಗೆ ಒಂದು ಸಲ ಬಂದರೇ ಹೆಚ್ಚು. ಬಂದಾಗ ಅವನು ಉಳಿಯಬೇಕು, ಮತ್ತೆ ಬರಬೇಕು, ಮತ್ತೆ ಉಳಿಯಬೇಕು. ಪ್ರತಿ ಸಲವೂ ನೋಡಿದವರು ಇರಬೇಕು, ನೋಡಿದವರು ಬರೆಯಬೇಕು. ಈ ನಿಯಮ ಬರೆದವರು ಯುದ್ಧವನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದವರು ಎಂದೇ ನನಗೆ ಅನಿಸುತ್ತದೆ.

ಮೊದಲ ಪದಕ ಸಿಕ್ಕಿದ್ದು ಎರಡು ವರ್ಷದ ಮೇಲೆ. 1839ರ ಜುಲೈ 23, ಆಫ್ಘಾನಿಸ್ತಾನದ ಘಜ್ನಿ ಕೋಟೆ. ದೊಡ್ಡ ತೋಪುಗಳನ್ನು ಹಿಂದೆ ಬಿಟ್ಟು ಬಂದಿದ್ದ ಸೈನ್ಯಕ್ಕೆ ಗೋಡೆ ಒಡೆಯುವ ದಾರಿಯೇ ಇರಲಿಲ್ಲ. ಉಳಿದಿದ್ದು ಕಾಬೂಲ್ ಬಾಗಿಲು. ಬೆಳಗಿನ ಜಾವದ ಕತ್ತಲಲ್ಲಿ ಬಂಗಾಳದ ಸ್ಯಾಪರ್ ತುಕಡಿಯವರು ಮದ್ದಿನ ಚೀಲಗಳನ್ನು ಹೊತ್ತು ಬಾಗಿಲ ಬುಡಕ್ಕೆ ನಡೆದುಹೋದರು, ಬತ್ತಿಗೆ ಬೆಂಕಿ ಕೊಟ್ಟರು. ಆ ಗುಂಪಿನಲ್ಲಿದ್ದ ಸುಬೇದಾರ್ ದೇವಿ ಸಿಂಗ್ ಈ ಪದಕ ಪಡೆದ ಮೊದಲಿಗ. ಸ್ಯಾಪರ್ ಎಂದರೆ ಸೈನ್ಯದ ಒಡ್ಡರು, ಬಡಗಿಗಳು, ಸುರಂಗ ತೋಡುವವರು ಎಲ್ಲ ಒಂದಾಗಿ ಎನ್ನಿ. ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಸ್ಯಾಪರ್‌ಗಳ ಕೇಂದ್ರ ಇದೆಯಲ್ಲ, ಅದೇ ಕಸುಬು. ಕೈಯಲ್ಲಿ ಬಂದೂಕಿಲ್ಲದೆ, ತಲೆಯ ಮೇಲೆ ಮದ್ದು ಹೊತ್ತು, ಗುಂಡು ಬರುವ ಕಡೆಗೇ ನಡೆಯುವ ಕಸುಬು.

ಇಂಥದೇ ಇನ್ನೊಂದು ಬಾಗಿಲು ದೆಹಲಿಯ ಕಾಶ್ಮೀರಿ ಗೇಟ್, 1857ರ ಸೆಪ್ಟೆಂಬರ್ 14. ಇದನ್ನು ಹೇಳುವುದು ನನಗೆ ಸುಲಭವಲ್ಲ. ಬಾಗಿಲ ಒಳಗಿದ್ದವರೂ ನಮ್ಮವರೇ, ಹೊರಗೆ ಮದ್ದು ಹೊತ್ತು ನಿಂತವರಲ್ಲಿ ಹೆಚ್ಚಿನವರೂ ನಮ್ಮವರೇ. ಆದರೂ ಆ ಬೆಳಗಿನ ಪದಕಗಳ ಲೆಕ್ಕ ನೋಡಲೇಬೇಕು. ಲೆಫ್ಟಿನೆಂಟ್ ಹೋಮ್, ಲೆಫ್ಟಿನೆಂಟ್ ಸಾಲ್ಕೆಲ್ಡ್, ಸಾರ್ಜೆಂಟ್ ಸ್ಮಿತ್, ಬಿಗ್ಯುಲ್ ಊದುತ್ತಿದ್ದ ಹಾಥಾರ್ನ್, ಈ ನಾಲ್ವರಿಗೆ ವಿಕ್ಟೋರಿಯಾ ಕ್ರಾಸ್. ಅದೇ ಬಾಗಿಲಿಗೆ, ಅದೇ ಹೊತ್ತಿನಲ್ಲಿ, ಅದೇ ಮದ್ದು ಹೊತ್ತ ಭಾರತೀಯ ಸ್ಯಾಪರ್‌ಗಳಿಗೆ ಆರ್ಡರ್ ಆಫ್ ಮೆರಿಟ್. ಒಂದೇ ಕೆಲಸ, ಎರಡು ಪದಕ. ಗೇಟಿನ ಬಳಿಯ ಫಲಕದ ಮೇಲೆ ಸುಬೇದಾರ್ ತುಲಾ ರಾಮ್, ಜಮಾದಾರ್ ಬಿಸ್ ರಾಮ್, ಹವಾಲ್ದಾರ್ ಮಾಧೋ, ಹವಾಲ್ದಾರ್ ತಿಲೋಕ್ ಸಿಂಗ್, ಸಿಪಾಯಿ ರಾಮ್ ಹೇತ್ ಎಂಬ ಹೆಸರುಗಳೂ ಇವೆ. ಕಲ್ಲು ಎಲ್ಲರನ್ನೂ ಒಟ್ಟಿಗೆ ಬರೆದುಕೊಂಡಿತು. ವಿಕ್ಟೋರಿಯಾ ಕ್ರಾಸ್‌ನ ಬಾಗಿಲು ಮಾತ್ರ ಭಾರತೀಯ ಸಿಪಾಯಿಗೆ 1911ರವರೆಗೆ ಮುಚ್ಚಿಯೇ ಇತ್ತು.

ಮೆಟ್ಟಿಲೆಲ್ಲ ಹತ್ತಿದವರು ಇರಲೇ ಇಲ್ಲವೇ ಎಂದರೆ, ಇದ್ದರು. ಐದನೇ ಗೂರ್ಖಾ ಪಲ್ಟನ್ನಿನ ಕಿಶನ್‌ಬೀರ್ ನಗರ್‌ಕೋಟಿ ಅವರಲ್ಲಿ ಒಬ್ಬ. ಎರಡನೇ ಆಫ್ಘನ್ ಯುದ್ಧದಲ್ಲಿ ಮೂರು ದರ್ಜೆಗಳನ್ನೂ ಒಂದೊಂದಾಗಿ ಗೆದ್ದ. 1888ರ ಜೂನ್‌ನಲ್ಲಿ ವಾಯವ್ಯ ಗಡಿಯ ಬ್ಲ್ಯಾಕ್ ಮೌಂಟನ್ ಎಂಬಲ್ಲಿ ಅವನ ಪಲ್ಟನ್ನಿನ ಮೇಜರ್ ಬ್ಯಾಟಿ ಗುಂಡು ತಗಲಿ ಬಿದ್ದ, ನೆರವಿಗೆ ಓಡಿದ ಕ್ಯಾಪ್ಟನ್ ಅರ್ಮ್‌ಸ್ಟನ್ ಕೂಡ ಸತ್ತ. ತಾನೂ ಗಾಯಗೊಂಡಿದ್ದ ಕಿಶನ್‌ಬೀರ್ ಬಿದ್ದವರನ್ನು ಬಿಟ್ಟು ಕದಲಲಿಲ್ಲ. ನಾಲ್ಕನೇ ಸಲ ಗೆದ್ದವನಿಗೆ ಹತ್ತಲು ಮೆಟ್ಟಿಲೇ ಉಳಿದಿರಲಿಲ್ಲ. ಹಾಗಾಗಿ ಚಿನ್ನದ ಪದಕದ ರಿಬ್ಬನ್ನಿಗೆ ಚಿನ್ನದ್ದೇ ಒಂದು ಪಟ್ಟಿ ಸೇರಿಸಿ ಕೊಟ್ಟರು. ನಾಲ್ಕು ಸಲ ಇದನ್ನು ಗೆದ್ದವನು ಅವನೊಬ್ಬನೇ.

ಕೆಲವೊಮ್ಮೆ ಇಡೀ ಗುಂಪಿಗೇ ಪದಕ ಬಂದದ್ದುಂಟು. 1879ರ ಸೆಪ್ಟೆಂಬರ್ 3ರಂದು ಕಾಬೂಲಿನ ಬ್ರಿಟಿಷ್ ರೆಸಿಡೆನ್ಸಿಯ, ಅಂದರೆ ರಾಯಭಾರಿಯ ನಿವಾಸದ, ಮೇಲೆ ದಾಳಿಯಾಯಿತು. ಒಳಗಿದ್ದ ಗೈಡ್ಸ್ ದಳದ ಕಾವಲುಗಾರರು ಎಪ್ಪತ್ತಕ್ಕೂ ಮೀರಿದವರು. ಸಿಖ್ಖರು, ಪಠಾಣರು, ಡೋಗ್ರಾಗಳು, ಪಂಜಾಬಿ ಮುಸಲ್ಮಾನರು. ಬ್ರಿಟಿಷ್ ಅಧಿಕಾರಿಗಳೆಲ್ಲ ಸತ್ತ ಮೇಲೆ ಹೊರಗಿನವರು ಕೂಗಿ ಹೇಳಿದರಂತೆ: ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ, ಆಯುಧ ಕೆಳಗಿಟ್ಟು ಬನ್ನಿ. ಜಮಾದಾರ್ ಜೀವಂದ್ ಸಿಂಗ್ ಉಳಿದ ಕೆಲವೇ ಜನರನ್ನು ಕರೆದುಕೊಂಡು ಆಯುಧ ಹಿಡಿದೇ ಹೊರಗೆ ಬಂದ. ಯಾರೂ ಉಳಿಯಲಿಲ್ಲ. ಸತ್ತವರೆಲ್ಲರಿಗೂ ಪದಕ ಘೋಷಣೆಯಾಯಿತು. ಅವರ ಸ್ಮಾರಕ ಇರುವುದು ಮರ್ದಾನ್‌ನಲ್ಲಿ, ಇವತ್ತಿನ ಪಾಕಿಸ್ತಾನದಲ್ಲಿ. ಒಂದೇ ಗೋಡೆಯ ಹಿಂದೆ ಹೆಗಲಿಗೆ ಹೆಗಲು ಕೊಟ್ಟು ಸತ್ತವರ ಊರುಗಳು ಈಗ ಎರಡು ದೇಶಗಳಲ್ಲಿವೆ.

ಸಾರಾಗಢಿಯ ಕಥೆ ಸಿನಿಮಾದಿಂದಾಗಿ ಮಕ್ಕಳಿಗೂ ಗೊತ್ತು, ಚುಟುಕಾಗಿ ಹೇಳುತ್ತೇನೆ. 1897ರ ಸೆಪ್ಟೆಂಬರ್ 12. ಎರಡು ಕೋಟೆಗಳ ನಡುವೆ, ಕನ್ನಡಿ ಹೊಳಪಿನಿಂದ ಸುದ್ದಿ ಕಳಿಸುವುದಕ್ಕೆಂದು ಕಟ್ಟಿದ ಪುಟ್ಟ ಠಾಣೆ. ಒಳಗೆ 36ನೇ ಸಿಖ್ ಪಲ್ಟನ್ನಿನ 21 ಜನ, ಹೊರಗೆ ಸಾವಿರಾರು. ಹವಾಲ್ದಾರ್ ಈಶರ್ ಸಿಂಗ್ ಮುಂದಾಳು. ಗುರುಮುಖ್ ಸಿಂಗ್ ಕೊನೆಯವರೆಗೂ ಕನ್ನಡಿಯಿಂದ ನಡೆದದ್ದನ್ನೆಲ್ಲ ಪಕ್ಕದ ಕೋಟೆಗೆ ತಿಳಿಸುತ್ತಿದ್ದ. 21 ಜನರೂ ಸತ್ತರು, 21 ಜನರಿಗೂ ಆರ್ಡರ್ ಆಫ್ ಮೆರಿಟ್ ಬಂತು. ಯಾವ ದರ್ಜೆ ಎಂಬುದನ್ನು ಆಮೇಲೆ ಹೇಳುತ್ತೇನೆ.

1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ವಿಕ್ಟೋರಿಯಾ ಕ್ರಾಸನ್ನು ಭಾರತೀಯ ಸೈನಿಕರಿಗೂ ತೆರೆದ. ಅದರ ಜೊತೆಗೆ ನಮ್ಮ ಪದಕದ ಮೇಲಿನ ಮೆಟ್ಟಿಲು ಹೋಯಿತು, ಮೂರು ದರ್ಜೆ ಇದ್ದದ್ದು ಎರಡಾಯಿತು. ಮೂರು ವರ್ಷದೊಳಗೆ ಮಹಾಯುದ್ಧ. 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆಯಲ್ಲಿ ಮೆಷಿನ್ ಗನ್ ಬಿಡದೆ ನಿಂತ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ.

ನನ್ನ ಮನಸ್ಸಿನಲ್ಲಿ ಉಳಿದವನು ಮಾತ್ರ ಜಮಾದಾರ್ ಮೀರ್ ದಸ್ತ್. ಅಫ್ರಿದಿ ಪಠಾಣ. 1908ರ ಮೊಹ್ಮಂದ್ ದಂಡಯಾತ್ರೆಯಲ್ಲೇ ಅವನಿಗೆ ನಮ್ಮ ಈ ಪದಕ ಸಿಕ್ಕಿತ್ತು. 1915ರ ಏಪ್ರಿಲ್ 26ರಂದು ಬೆಲ್ಜಿಯಂನ ಈಪ್ರದಲ್ಲಿ ವಿಷಗಾಳಿಯ ನಡುವೆ ಗಾಯಾಳುಗಳನ್ನು ಹೊತ್ತು ತಂದು ವಿಕ್ಟೋರಿಯಾ ಕ್ರಾಸನ್ನೂ ಪಡೆದ. ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನು ಆಗ ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದ್ದರು. ಅಲ್ಲಿಗೆ ದೊರೆಯೇ ಬಂದು ಪದಕ ತೊಡಿಸಿದ. ಏನಾದರೂ ಕೇಳಿಕೊಳ್ಳುವ ಗಳಿಗೆ ಅದು. ಮೀರ್ ದಸ್ತ್ ಭೂಮಿ ಕೇಳಲಿಲ್ಲ, ಬಡ್ತಿ ಕೇಳಲಿಲ್ಲ. ಒಂದು ಸಲ ಗಾಯಗೊಂಡವನನ್ನು ಮತ್ತೆ ಕಂದಕಕ್ಕೆ ಕಳಿಸಬೇಡಿ ಎಂದು ಕೇಳಿದ. ಮೆಟ್ಟಿಲು ಕಟ್ಟಿ, ಮತ್ತೆ ಹೋಗು, ಇನ್ನೊಮ್ಮೆ ಹೋಗು ಎನ್ನುತ್ತಿದ್ದ ಪದಕವನ್ನು ಎದೆಯ ಮೇಲೆ ಧರಿಸಿದ್ದವನು ಆಡಿದ ಮಾತದು. ಈ ನೂರಹತ್ತು ವರ್ಷಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಮಾತು ನನಗೆ ಸಿಕ್ಕಿಲ್ಲ.

ನಮ್ಮ ಮೈಸೂರಿಗೆ ಹತ್ತಿರದ ಸಂಗತಿ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ, ಇವತ್ತಿನ ಇಸ್ರೇಲಿನಲ್ಲಿ, ನಡೆದ ಕಾಳಗ. ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಈಟಿ ಹಿಡಿದು ಕುದುರೆಯ ಮೇಲೆ ಹೋಗಿ, ತೋಪು ಮೆಷಿನ್ ಗನ್ನುಗಳಿದ್ದ ಊರನ್ನು ಗೆದ್ದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಬದಿ ಹತ್ತಿ ಮೇಲಿನ ತೋಪುಗಳತ್ತ ನುಗ್ಗಿತು. ಜೋಧಪುರದವರು ಕೆಳಗಿನಿಂದ ಊರೊಳಗೆ ನುಗ್ಗಿದರು, ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದ. ಸಂಜೆಯ ಹೊತ್ತಿಗೆ 1,350 ಸೆರೆಯಾಳುಗಳು, 17 ತೋಪುಗಳು ಕೈಗೆ ಬಂದಿದ್ದವು. ಆ ದಿನಕ್ಕಾಗಿ ಜೋಧಪುರದ ಕ್ಯಾಪ್ಟನ್ ಅಮಾನ್ ಸಿಂಗ್ ಮತ್ತು ದಫೇದಾರ್ ಜೋರ್ ಸಿಂಗ್ ಅವರಿಗೆ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಸಿಕ್ಕಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಈ ಕುದುರೆ ದಳಗಳವು. ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೇ ಇದೆ. ಬಸ್ಸಿನಲ್ಲಿ ಹಾದುಹೋಗುವಾಗ ಕತ್ತು ತಿರುಗಿಸಿದರೆ ಕಾಣುತ್ತದೆ.

ಮುಂದಿನದು ಬೇಗ ಮುಗಿಯುತ್ತದೆ. 1944ರಲ್ಲಿ ದರ್ಜೆಗಳನ್ನೆಲ್ಲ ತೆಗೆದು ಒಂದೇ ಪದಕ ಮಾಡಿದರು. ಮೆಟ್ಟಿಲು ಕೊನೆಗೂ ಹೋಯಿತು, ಆದರೆ ಪದಕಕ್ಕೆ ಉಳಿದಿದ್ದ ಆಯಸ್ಸು ಮೂರೇ ವರ್ಷ. 1947ರಲ್ಲಿ ಇದೂ, 1907ರಲ್ಲಿ ಶುರುವಾಗಿದ್ದ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ ಕೂಡ ನಿಂತವು. ನಿಲ್ಲಬೇಕಾದದ್ದೇ. ಪರದೊರೆಯ ಹೆಸರಿನ ಪದಕ ಸ್ವತಂತ್ರ ದೇಶಕ್ಕೆ ಬೇಡ. 1950ರ ಜನವರಿ 26ರಂದು ಪರಮವೀರ, ಮಹಾವೀರ, ವೀರ ಚಕ್ರಗಳು ಬಂದವು. 1947ರ ಆಗಸ್ಟ್ 15ರಿಂದಲೇ ಜಾರಿ ಎಂದು ಲೆಕ್ಕ ಹಿಡಿದರು. ಇಲ್ಲಿಯೂ ಮೂರು ಇವೆ, ಆದರೆ ಇವು ಮೆಟ್ಟಿಲುಗಳಲ್ಲ. 1947ರ ನವೆಂಬರ್ 3ರಂದು ಬಡಗಾಮ್‌ನಲ್ಲಿ ಸತ್ತ ಮೇಜರ್ ಸೋಮನಾಥ ಶರ್ಮಾ ಅವರಿಗೆ ಮೊದಲ ಪರಮವೀರ ಚಕ್ರ ನೇರವಾಗಿ ಬಂತು, ಸತ್ತ ಮೇಲೆ ಬಂತು. ಇದುವರೆಗಿನ 21 ಪರಮವೀರ ಚಕ್ರಗಳಲ್ಲಿ 14 ಹಾಗೆ ಸತ್ತವರಿಗೆ ಸಂದವು.

ಮಾತು ಮುಗಿದ ಮೇಲೆ ಸೈನ್ಯದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಎದ್ದರು. “ಸ್ವಾಮಿ, ಇವರೆಲ್ಲ ಬ್ರಿಟಿಷರಿಗಾಗಿ ಕಾದಿದವರು. ನಾವು ಯಾಕೆ ನೆನೆಯಬೇಕು ಅಂತ ನನ್ನ ಮೊಮ್ಮಗ ಕೇಳ್ತಾನೆ. ಏನು ಹೇಳಲಿ?”

ನಾನು ಹೇಳಿದ್ದಿಷ್ಟು. ಮೊಮ್ಮಗ ಕೇಳುವುದು ಸರಿಯಾಗಿಯೇ ಇದೆ. ಆಫ್ಘಾನಿಸ್ತಾನಕ್ಕೆ, ಬರ್ಮಾಕ್ಕೆ, ಚೀನಾಕ್ಕೆ ಆ ಸೈನ್ಯ ಹೋದದ್ದು ನಮ್ಮ ಕೆಲಸಕ್ಕಲ್ಲ. ಕಾಶ್ಮೀರಿ ಗೇಟಿನಲ್ಲಿ ಒಡೆದದ್ದು ನಮ್ಮದೇ ಬಾಗಿಲು. ಅದನ್ನು ಮುಚ್ಚಿಟ್ಟು ಇವರನ್ನು ಹೊಗಳಬಾರದು. ಆದರೆ ವೀರಗಲ್ಲಿನ ಮುಂದೆ ನಿಂತಾಗ ಅವನು ಗಂಗರ ಕಡೆಯವನೋ ನೊಳಂಬರ ಕಡೆಯವನೋ ಎಂದು ಕೇಳಿ ಹೂವಿಡುವವರನ್ನು ನಾನು ಕಂಡಿಲ್ಲ. ಏಳು ರೂಪಾಯಿಯ ಸಂಬಳಕ್ಕೆ ಹೋದ ರೈತನ ಮಗ ಪಕ್ಕದವನನ್ನು ಬಿಟ್ಟು ಓಡಲಿಲ್ಲ. ಪದಕ ಬಂದದ್ದು ಅದಕ್ಕೆ. ಆ ಗಳಿಗೆ ಅವನದು. ಕಂಪನಿಯದೂ ಅಲ್ಲ, ದೊರೆಯದೂ ಅಲ್ಲ.

ಹಿರಿಯರು ಒಪ್ಪಿದರೋ ಇಲ್ಲವೋ, ಕೈ ಮುಗಿದು ಕೂತರು. ಆಗ ಹಿಂದಿನ ಸಾಲಿನಿಂದ ಏಳನೇ ತರಗತಿಯ ಹುಡುಗಿ ಕೇಳಿದಳು. “ಸರ್, ಸಾರಾಗಢಿಯವರಿಗೆ ಯಾವ ದರ್ಜೆ ಅಂತ ನೀವು ಹೇಳಲೇ ಇಲ್ಲ.”

ಮೂರನೇ ದರ್ಜೆ ಕಣಮ್ಮ. ನಿಯಮ ಹಾಗಿತ್ತು. ಮೊದಲ ಸಾಹಸಕ್ಕೆ ಮೂರನೆಯದು. ಎರಡನೆಯದು ಬೇಕೆಂದರೆ ಇನ್ನೊಂದು ಯುದ್ಧಕ್ಕೆ ಹೋಗಬೇಕಿತ್ತು.

ಸಭೆ ಸುಮ್ಮನಾಯಿತು. ನನಗೆ ಬೇರೆ ಮಾತು ತೋಚಲಿಲ್ಲ. ಕೈಲಿದ್ದ ಚೀಟಿಯಿಂದ ಹೆಸರುಗಳನ್ನು ಓದಿದೆ, ಇಲ್ಲಿಯೂ ಬರೆಯುತ್ತೇನೆ. ಹವಾಲ್ದಾರ್ ಈಶರ್ ಸಿಂಗ್. ನಾಯಕ್ ಲಾಲ್ ಸಿಂಗ್. ಲಾನ್ಸ್ ನಾಯಕ್ ಚಂದಾ ಸಿಂಗ್. ಸಿಪಾಯಿಗಳು ಸುಂದರ್ ಸಿಂಗ್, ರಾಮ್ ಸಿಂಗ್, ಉತ್ತರ್ ಸಿಂಗ್, ಸಾಹಿಬ್ ಸಿಂಗ್, ಹೀರಾ ಸಿಂಗ್, ದಯಾ ಸಿಂಗ್, ಜೀವನ್ ಸಿಂಗ್, ಭೋಲಾ ಸಿಂಗ್, ನಾರಾಯಣ್ ಸಿಂಗ್, ಗುರುಮುಖ್ ಸಿಂಗ್, ಇನ್ನೊಬ್ಬ ಜೀವನ್ ಸಿಂಗ್, ಇನ್ನೊಬ್ಬ ಗುರುಮುಖ್ ಸಿಂಗ್, ಇನ್ನೊಬ್ಬ ರಾಮ್ ಸಿಂಗ್, ಭಗವಾನ್ ಸಿಂಗ್, ಇನ್ನೊಬ್ಬ ಭಗವಾನ್ ಸಿಂಗ್, ಬೂಟಾ ಸಿಂಗ್, ಮೂರನೆಯ ಜೀವನ್ ಸಿಂಗ್, ನಂದ್ ಸಿಂಗ್.